ಜರ್ಮನ್ ಯುದ್ಧಕಾಲದ ಸಮವಸ್ತ್ರಗಳು: ಸಂಗ್ರಹವೂ ಸಾಕ್ಷ್ಯವೂ

ಚರಿತ್ರೆಯ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುವು ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಮೊದಲಾದುವು. ಮನುಷ್ಯನು ಮೈಮೇಲೆ ತೊಟ್ಟ ಬಟ್ಟೆಯನ್ನೂ ಇವುಗಳ ಸಾಲಿನಲ್ಲಿ ಎಣಿಸುವ ರೂಢಿ ನಮ್ಮಲ್ಲಿ ಬಲವಾಗಿಲ್ಲ. ಅದಕ್ಕೆ ಕಾರಣವೂ ಉಂಟು. ಬಟ್ಟೆ ಬೇಗ ಹರಿಯುತ್ತದೆ. ಹರಿದದ್ದು ಕೌದಿಗೋ ಒರಸುವುದಕ್ಕೋ ಸೇರಿ ಕಣ್ಮರೆಯಾಗುತ್ತದೆ. ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸೈನಿಕರು ತೊಟ್ಟ ಉಡುಪುಗಳ ಸಂಗತಿ ಇದಕ್ಕೆ ಒಂದು ಅಪವಾದ. ಯುರೋಪು ಅಮೆರಿಕಗಳ ಮನೆಗಳ ಅಟ್ಟದಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಉಳಿದ ಈ ಬಟ್ಟೆಗಳು ಹರಾಜಿಗೆ ಬಂದು, ಸಂಗ್ರಾಹಕರ ಕಪಾಟುಗಳನ್ನು ಸೇರಿ, ದೊಡ್ಡ ಮೊತ್ತಗಳಿಗೆ ಕೈ ಬದಲಿಸುತ್ತಿವೆ. ಇವುಗಳ ಮೇಲೆ ಬೆಳೆದಿರುವ ಜ್ಞಾನವು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಹೊರಗೆ, ಹವ್ಯಾಸಿಗಳ ಶ್ರಮದಿಂದ ಬೆಳೆದದ್ದು. ಅದನ್ನು ಅಲಕ್ಷಿಸುವುದು ಯುಕ್ತವಲ್ಲ. ಕಣ್ಣು ಮುಚ್ಚಿ ಒಪ್ಪುವುದೂ ಯುಕ್ತವಲ್ಲ. ಸಂಗ್ರಾಹಕನು ಬೆಲೆ ಕಟ್ಟುವುದು ಬಹುಮಟ್ಟಿಗೆ ಅಂಗಿಯ ಹೊರಮೈಗೆ, ಎಂದರೆ ಅದರ ಮೇಲಿನ ಲಾಂಛನಗಳಿಗೆ. ಚರಿತ್ರೆಯ ಅಭ್ಯಾಸಿಗೆ ಬೇಕಾದುದು ಬಹುಮಟ್ಟಿಗೆ ಅದರ ಒಳಮೈಯಲ್ಲಿದೆ. ಈ ಭೇದದಿಂದ ಏನೇನು ಅನರ್ಥಗಳು ಹುಟ್ಟಿವೆ, ಏನೇನು ಅರಿವು ದೊರೆಯಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಪುರಾತನ ವಸ್ತುವೆಂಬ ಹೆಸರು ವ್ಯಾಪಾರಿಗಳ ವಾಡಿಕೆಯಲ್ಲಿ ನೂರು ವರ್ಷ ದಾಟಿದುದಕ್ಕೆ ಸಲ್ಲುತ್ತದೆ. ೧೯೧೪ರಿಂದ ೧೯೧೮ರವರೆಗಿನ ಯುದ್ಧದ ಬಟ್ಟೆಗಳು ಈ ಗಡಿಯನ್ನು ದಾಟಿವೆ. ಎರಡನೆಯ ಮಹಾಯುದ್ಧದವು ಇನ್ನೂ ದಾಟಿಲ್ಲ. ಆದರೆ ಬೆಲೆ ಹೆಚ್ಚು ಎರಡನೆಯದಕ್ಕೇ. ಈ ವೈಪರೀತ್ಯದ ಕಾರಣ ಮುಂದೆ ತಾನಾಗಿಯೇ ಗೋಚರವಾಗುವುದು.

ಮೊದಲು ಬಣ್ಣದ ಮಾತು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಪ್ರಷ್ಯದ ಕಾಲಾಳು ತೊಡುತ್ತಿದ್ದುದು ಕಡುನೀಲಿ ಅಂಗಿ. ನೀಲಿ ಬಣ್ಣಕ್ಕೆ ಯುರೋಪು ಬಹುಕಾಲ ನಮ್ಮ ಬಂಗಾಳ ಬಿಹಾರಗಳ ನೀಲಿಗಿಡವನ್ನು ನೆಚ್ಚಿಕೊಂಡಿತ್ತು. ೧೮೯೭ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಾರ್ಖಾನೆಯು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಮೇಲೆ ಆ ಬೆಳೆ ಕುಸಿಯಿತು. ಅಷ್ಟರಲ್ಲಿ ಹೊಗೆಯಿಲ್ಲದ ಮದ್ದು, ದೂರಕ್ಕೆ ಗುರಿಯಿಡುವ ಬಂದೂಕುಗಳು ಬಂದು, ಥಳಥಳಿಸುವ ಬಣ್ಣದ ಉಡುಪು ಸೈನಿಕನ ಪಾಲಿಗೆ ಮೃತ್ಯುವೇ ಆಗಿತ್ತು. ಮಣ್ಣಿನ ಬಣ್ಣದ ಉಡುಪನ್ನು ಮೊದಲು ವ್ಯಾಪಕವಾಗಿ ಬಳಸಿದುದು ಭಾರತದಲ್ಲಿದ್ದ ಬ್ರಿಟಿಷ್ ಸೇನೆ. ೧೮೫೧ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನೇಕಾರ ಹಾಲರನು ಅಲ್ಲಿಯ ನೆಯ್ಗೆಯ ಕಾರ್ಖಾನೆಯಲ್ಲಿ ಖಾಕಿ ಬಣ್ಣವನ್ನು ರೂಪಿಸಿದನೆಂಬ ಮಾತು ನಮ್ಮ ಕರಾವಳಿಯಲ್ಲಿ ಪ್ರಚಲಿತವಾಗಿದೆ. ಪೇಷಾವರದ ಗಡಿಯಲ್ಲಿ ಲಮ್ಸ್‌ಡನನ ಗೈಡ್ಸ್ ಪಡೆ ಅದಕ್ಕೂ ಮೊದಲೇ ಅಂಥ ಬಟ್ಟೆ ತೊಟ್ಟಿತ್ತಾದುದರಿಂದ, ಮಂಗಳೂರಿಗೆ ಸಲ್ಲುವ ಕೀರ್ತಿಯನ್ನು ಬಣ್ಣದ ಕಲ್ಪನೆಗಲ್ಲ, ಬಣ್ಣ ಕಟ್ಟುವ ವಿಧಾನಕ್ಕೆ ಎಂದು ಗ್ರಹಿಸುವುದು ಮೇಲು. ಜರ್ಮನರಾದರೋ ಖಾಕಿಯನ್ನು ಬಿಟ್ಟು, ತಮ್ಮ ನಾಡಿನ ಮಂಜಿಗೂ ಕಾಡಿಗೂ ಹೊಂದುವ, ಹಸುರು ಬೆರೆತ ಬೂದುಬಣ್ಣವನ್ನು ಆರಿಸಿಕೊಂಡರು. ಅದಕ್ಕೆ ಫೆಲ್ಡ್‌ಗ್ರಾವ್, ಎಂದರೆ ಬಯಲಿನ ಬೂದು, ಎಂದು ಹೆಸರು. ೧೯೦೭ರಿಂದ ಪ್ರಯೋಗ ನಡೆದು ೧೯೧೦ರಲ್ಲಿ ಅದು ವಿಧಿವತ್ತಾಗಿ ಜಾರಿಗೆ ಬಂದಿತು. ಫ್ರೆಂಚ್ ಕಾಲಾಳು ೧೯೧೪ರಲ್ಲಿಯೂ ಕೆಂಪು ಷರಾಯಿ ತೊಟ್ಟೇ ಯುದ್ಧಕ್ಕೆ ನಡೆದನೆಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಬಣ್ಣ ಬದಲಾದರೂ ಒಯ್ಯಾರ ಹೋಗಲಿಲ್ಲ. ೧೯೧೦ರ ಅಂಗಿಯ ಮುಂಭಾಗದಲ್ಲಿ ಬಣ್ಣದ ಅಂಚುಪಟ್ಟಿ, ಎಂಟು ಲೋಹದ ಗುಂಡಿ, ಮುಂಗೈಯಲ್ಲಿ ಬ್ರಾಂಡನ್‌ಬರ್ಗ್, ಸ್ವೀಡಿಷ್, ಸ್ಯಾಕ್ಸನ್ ಎಂಬ ಬೇರೆ ಬೇರೆ ವಿನ್ಯಾಸಗಳು. ಪ್ರಷ್ಯದ ಗುಂಡಿಯ ಮೇಲೆ ಕಿರೀಟ, ಬವೇರಿಯದ ಗುಂಡಿಯ ಮೇಲೆ ಸಿಂಹ. ಆಗಿನ ಜರ್ಮನ್ ಸಾಮ್ರಾಜ್ಯವು ಹಲವು ರಾಜ್ಯಗಳ ಕೂಟವಾಗಿತ್ತೆಂಬ ಸಂಗತಿಯನ್ನು ಗುಂಡಿಗಳೇ ಸಾರುತ್ತವೆ. ಯುದ್ಧವು ತಿಂಗಳುಗಳಲ್ಲಿ ಮುಗಿಯದೆ ವರ್ಷಗಳಿಗೆ ಹಬ್ಬಿದಾಗ ಈ ಅಲಂಕಾರವೆಲ್ಲ ಹೊರೆಯಾಯಿತು. ೧೯೧೫ರ ಸೆಪ್ಟೆಂಬರಿನಲ್ಲಿ ‘ಬ್ಲೂಸ’ ಎಂಬ ಸರಳ ಅಂಗಿ ಗೊತ್ತಾಯಿತು: ಗುಂಡಿಗಳು ಪಟ್ಟಿಯ ಮರೆಗೆ ಸರಿದುವು, ಮುಂಗೈಯ ವಿನ್ಯಾಸ ಹೋಯಿತು, ಅಂಚುಪಟ್ಟಿ ಹೋಯಿತು.

ಇದರ ಹಿಂದೆ ಇದ್ದುದು ಕೊರತೆ. ಜರ್ಮನಿಗೆ ಉಣ್ಣೆಯ ಬಹುಭಾಗ ಬರುತ್ತಿದ್ದುದು ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅರ್ಜೆಂಟೀನಗಳಿಂದ. ಬ್ರಿಟಿಷ್ ನೌಕಾಪಡೆ ಸಮುದ್ರಮಾರ್ಗವನ್ನು ಕಟ್ಟಿಹಾಕಿತು. ೧೯೧೪ರ ಆಗಸ್ಟಿನಲ್ಲಿಯೇ ವಾಲ್ಟರ್ ರಾಟೆನೌ ಎಂಬ ಉದ್ಯಮಿಯ ಮೇಲ್ವಿಚಾರಣೆಯಲ್ಲಿ ಪ್ರಷ್ಯದ ಯುದ್ಧಸಚಿವಾಲಯವು ಕಚ್ಚಾ ವಸ್ತುಗಳ ಶಾಖೆಯೊಂದನ್ನು ತೆರೆಯಿತು. ಹಳೆಯ ಉಣ್ಣೆಬಟ್ಟೆಯನ್ನು ಚಿಂದಿಮಾಡಿ ಮತ್ತೆ ನೂತರು. ತುರುಚೆ ಗಿಡದ ನಾರನ್ನು ಬಿಡಿಸಿದರು. ಕಾಗದವನ್ನು ಹೊಸೆದು ನೂಲುಮಾಡಿ ಚೀಲಗಳನ್ನೂ ಬಟ್ಟೆಯನ್ನೂ ನೆಯ್ದರು. ಹಿತ್ತಾಳೆಯ ಗುಂಡಿಯ ಸ್ಥಾನಕ್ಕೆ ಬಣ್ಣ ಬಳಿದ ಕಬ್ಬಿಣ ಬಂದಿತು. ಒಂದೇ ಮಾದರಿಯ ೧೯೧೫ರ ಅಂಗಿಯನ್ನೂ ೧೯೧೮ರ ಅಂಗಿಯನ್ನೂ ಅಕ್ಕಪಕ್ಕ ಇಟ್ಟು ಬೆರಳಿನಿಂದ ತಡವಿದರೆ ಸಾಕು, ದಿಗ್ಬಂಧನದ ಪರಿಣಾಮ ಪುಸ್ತಕದ ಸಹಾಯವಿಲ್ಲದೆಯೇ ತಿಳಿಯುವುದು.

ಎರಡನೆಯ ಯುದ್ಧದ ಅಂಗಿಯ ಕಥೆಯೂ ಇದೇ ಜಾಡಿನದು. ೧೯೩೬ರ ಮಾದರಿಯು ಯುದ್ಧಪೂರ್ವದ ಸಮೃದ್ಧಿಯ ಕೃತಿ: ಕಡುಹಸುರು ಕಾಲರು, ಐದು ಗುಂಡಿ, ನೆರಿಗೆಯಿಟ್ಟ ನಾಲ್ಕು ಜೇಬು, ಅಲೆಯಂಚಿನ ಜೇಬುಮುಚ್ಚಳ. ೧೯೪೦ರಲ್ಲಿ ಹಸುರು ಕಾಲರು ಮಾಯವಾಗಿ ಅಂಗಿಯ ಬಟ್ಟೆಯದೇ ಕಾಲರು ಬಂದಿತು. ಮುಂದೆ ಗುಂಡಿ ಆರಾದುವು. ಬಟ್ಟೆ ತೆಳುವಾದುದರಿಂದ ಅಂಗಿಯ ಮುಂಭಾಗ ಬಿಗಿಯಾಗಿ ನಿಲ್ಲಲು ಒಂದು ಗುಂಡಿ ಹೆಚ್ಚು ಬೇಕಾಯಿತೆಂದು ತಿಳಿದವರು ಹೇಳುತ್ತಾರೆ. ಆಮೇಲೆ ಜೇಬಿನ ನೆರಿಗೆ ಹೋಯಿತು. ೧೯೪೩ರಲ್ಲಿ ಮುಚ್ಚಳದ ಅಲೆಯಂಚು ಹೋಗಿ ನೇರ ಅಂಚು ಉಳಿಯಿತು. ೧೯೪೪ರಲ್ಲಿ ಅಂಗಿಯೇ ಸೊಂಟದವರೆಗೆ ಮೊಟಕಾಗಿ, ಎರಡೇ ಜೇಬುಳ್ಳ, ಬ್ರಿಟಿಷರ ಯುದ್ಧದುಡುಪನ್ನು ಹೋಲುವ ರೂಪಕ್ಕೆ ಇಳಿಯಿತು. ೧೯೪೦, ೪೧, ೪೨ರ ಮಾದರಿಗಳೆಂಬ ಹೆಸರುಗಳು ಸೇನೆಯವಲ್ಲ, ಬಹುಮಟ್ಟಿಗೆ ಸಂಗ್ರಾಹಕರು ತರುವಾಯ ಇಟ್ಟುಕೊಂಡವು. ಕಡತಗಳಲ್ಲಿ ಇವನ್ನು ಹುಡುಕುವ ವಿದ್ಯಾರ್ಥಿ ನಿರಾಶನಾಗಬಾರದು.

ಆಕಾರಕ್ಕಿಂತ ನೂಲಿನ ಬದಲಾವಣೆ ಮುಖ್ಯವಾದುದು. ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ಎಳೆಯನ್ನೂ ಚಿಂದಿಯಿಂದ ಮತ್ತೆ ನೂತ ಉಣ್ಣೆಯನ್ನೂ ಬೆರೆಸುವ ಪ್ರಮಾಣ ವರ್ಷವರ್ಷಕ್ಕೆ ಏರುತ್ತ ಹೋಯಿತು. ವಿಸ್ಕೋಸ್ ಒದ್ದೆಯಾದರೆ ತನ್ನ ಬಲದಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಉಣ್ಣೆಯಂತೆ ಬೆಚ್ಚಗಿಡುವುದೂ ಇಲ್ಲ. ಹೀಗೆ ಹಿಮದಲ್ಲಿ ನಿಂತ ಸೈನಿಕನ ಅಂಗಿ ಅವನಿಗೆ ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಕೈಕೊಡುವಂಥದಾಯಿತು. ೧೯೪೧ರ ಚಳಿಗಾಲದಲ್ಲಿ ರಷ್ಯದ ರಣರಂಗದಲ್ಲಿದ್ದ ಸೇನೆಗೆ ಬೆಚ್ಚನೆಯ ಬಟ್ಟೆ ಸಾಲದೆ, ಗೊಬೆಲ್ಸ್ ಡಿಸೆಂಬರ್ ೨೦ರಂದು ಉಣ್ಣೆ ಹಾಗೂ ತುಪ್ಪುಳಿನ ಉಡುಪುಗಳನ್ನು ಕೊಡಿರೆಂದು ಜನತೆಗೆ ಕರೆಯಿತ್ತನು. ಜರ್ಮನಿಯ ಯೆಹೂದ್ಯರಿಗಾದರೋ ಅದು ಕರೆಯಾಗಿರಲಿಲ್ಲ. ೧೯೪೨ರ ಜನವರಿಯಲ್ಲಿ ಅವರು ಅಂಥ ಬಟ್ಟೆಯನ್ನೆಲ್ಲ ಒಪ್ಪಿಸತಕ್ಕದ್ದೆಂದು ಆಜ್ಞೆಯಾಯಿತು.

ಇನ್ನು ಅಂಗಿಯನ್ನು ಮಗುಚಿ ಒಳಮೈಯನ್ನು ನೋಡೋಣ. ಅಸ್ತರಿನ ಬಟ್ಟೆ ಮೊದಲು ಹತ್ತಿಯದು, ಬರಬರುತ್ತ ರೇಯಾನಿನದು. ಮುಂಭಾಗದ ಕೆಳಗೆ ಒಳಬದಿಯಲ್ಲಿ, ಗಾಯಕ್ಕೆ ಕಟ್ಟುವ ಪಟ್ಟಿಯ ಪೊಟ್ಟಣವಿಡುವ ಒಂದು ಕಿರುಜೇಬು. ಅಸ್ತರಿನ ಮೇಲೆ ಮಸಿಯ ಮುದ್ರೆಗಳು. ಮೊದಲ ಯುದ್ಧದ ಅಂಗಿಗಳಲ್ಲಿ ಸೇನಾ ವಸ್ತ್ರಾಗಾರದ ಸಂಕೇತಾಕ್ಷರ, ಸೇನಾವಿಭಾಗದ ಸಂಖ್ಯೆ, ವರ್ಷ. ಎರಡನೆಯ ಯುದ್ಧದವುಗಳಲ್ಲಿ ಕೊರಳು, ಎದೆ, ಬೆನ್ನು, ತೋಳು, ಒಟ್ಟು ಉದ್ದ ಎಂಬ ಐದು ಅಳತೆಗಳು ಸೆಂಟಿಮೀಟರುಗಳಲ್ಲಿ. ಉಗ್ರಾಣದ ಅಕ್ಷರ ಹಾಗೂ ವರ್ಷ. ‘ಬಿ ೩೮’ ಎಂದಿದ್ದರೆ ಬರ್ಲಿನ್ನಿನ ಉಗ್ರಾಣ, ೧೯೩೮ನೆಯ ವರ್ಷ; ‘ಎಂ’ ಇದ್ದರೆ ಮ್ಯೂನಿಕ್, ‘ಇ’ ಇದ್ದರೆ ಎರ್ಫರ್ಟ್. ಇವುಗಳೊಡನೆ ಹೊಲಿಸಿದ ಕಾರ್ಖಾನೆಯ ಹೆಸರು, ಊರು. ೧೯೪೨ರ ತರುವಾಯ ಈ ಹೆಸರು ಮರೆಯಾಗಿ ‘ಆರ್.ಬಿ.’ ಎಂಬ ಎರಡಕ್ಷರದ ಮುಂದೆ ಅಂಕಿಗಳ ಒಂದು ಸಾಲು ಬರುತ್ತದೆ. ಪ್ರತಿಯೊಂದು ಕಾರ್ಖಾನೆಗೂ ಒಂದೊಂದು ಸಂಖ್ಯೆ. ಇವುಗಳಲ್ಲಿ ಅನೇಕ ಸಂಖ್ಯೆಗಳ ಒಡೆಯರು ಯಾರೆಂಬುದು ಇಂದಿಗೂ ಗುರುತಾಗಿಲ್ಲ.

ಅಕ್ಷರದ ಮೋಡಿಯಿಂದ, ಮಸಿಯಿಂದ, ಲೋಹದಿಂದ ಕಾಲವನ್ನು ನಿರ್ಣಯಿಸುವ ಈ ವಿದ್ಯೆ ನಮ್ಮ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತವಾಗಲಾರದು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರೂ, ಅವನ್ನು ಸಮರ್ಥಿಸಿ ರೈಸರೂ ನಡೆಸಿದ ವಾದ ಪ್ರಸಿದ್ಧವಾಗಿದೆ. ಭೂಮಿಯ ಆಸೆ ಕೂಟಶಾಸನವನ್ನು ಹುಟ್ಟಿಸಿದಂತೆ ಹಣದ ಆಸೆ ಕೂಟ ಸಮವಸ್ತ್ರವನ್ನು ಹುಟ್ಟಿಸಿದೆ. ಸಾಮಾನ್ಯ ಕಾಲಾಳಿನ ಅಂಗಿಗಿಂತ ಎಸ್.ಎಸ್. ಪಡೆಯ ಲಾಂಛನವುಳ್ಳ ಅಂಗಿಗೆ, ಟ್ಯಾಂಕ್ ಪಡೆಯವರ ಕಪ್ಪು ಗಿಡ್ಡಂಗಿಗೆ ಹಲವು ಪಟ್ಟು ಬೆಲೆ. ಆದುದರಿಂದ ಸಾಚಾ ಅಂಗಿಯೊಂದರಿಂದ ಅದರ ಸಾಚಾ ಲಾಂಛನಗಳನ್ನು ಕಿತ್ತು, ಹೆಚ್ಚು ಬೆಲೆಯ ಪಡೆಯ ಲಾಂಛನಗಳನ್ನು ಹೊಲಿದು ಮಾರುವವರುಂಟು. ಪೂರ್ವ ಜರ್ಮನಿಯ ಸೇನೆ ೧೯೫೬ರಲ್ಲಿ ಸ್ಥಾಪನೆಯಾದಾಗ ಹಳೆಯದನ್ನೇ ಹೋಲುವ ಉಡುಪನ್ನು ತೊಟ್ಟಿತು. ಅವುಗಳನ್ನು ತಿದ್ದಿ ಯುದ್ಧಕಾಲದವೆಂದು ದಾಟಿಸುವುದೂ ಉಂಟು. ಚಲನಚಿತ್ರಗಳಿಗಾಗಿ, ಯುದ್ಧಾಭಿನಯದ ಕೂಟಗಳಿಗಾಗಿ ಪ್ರಾಮಾಣಿಕವಾಗಿ ಹೊಲಿಸಿದ ಪ್ರತಿಗಳು ಹತ್ತಿಪ್ಪತ್ತು ವರ್ಷ ಸವೆದು, ನಾಲ್ಕು ಕೈ ದಾಟಿದ ಮೇಲೆ ಹಳೆಯವೆಂದೇ ನಡೆಯುವುದು ಇನ್ನೊಂದು ಬಗೆ. ಮೊದಲನೆಯದು ಕಳ್ಳತನ, ಮೂರನೆಯದು ಮರೆವು. ಕೊಳ್ಳುವವನಿಗೆ ಎರಡೂ ಒಂದೇ.

ಪರೀಕ್ಷೆಯ ವಿಧಾನಗಳಲ್ಲಿ ಅತಿನೇರಳೆ ದೀಪದ ಹೆಸರು ಬಹಳ ಕೇಳಿಬರುತ್ತದೆ. ಬಿಳುಪನ್ನು ಹೆಚ್ಚಿಸುವ ರಾಸಾಯನಿಕ ಸೇರಿದ ದಾರ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಅಂಥ ರಾಸಾಯನಿಕಗಳ ಬಳಕೆ ವ್ಯಾಪಕವಾದುದು ಯುದ್ಧಾನಂತರ. ಆದುದರಿಂದ ಹೊಳೆದದ್ದು ನಕಲು ಎಂದು ತರ್ಕ. ಈ ತರ್ಕ ಅರ್ಧಸತ್ಯ. ಇವು ಜರ್ಮನಿಯಲ್ಲಿಯೇ ೧೯೪೦ರ ದಶಕದ ಆದಿಯಲ್ಲಿ ತಯಾರಾಗತೊಡಗಿದ್ದುವು. ಅದಲ್ಲದೆ ಸಾಚಾ ಅಂಗಿಯನ್ನು ಯಾರೋ ಗೃಹಿಣಿ ೧೯೭೦ರಲ್ಲಿ ಸಾಬೂನುಪುಡಿಯಿಂದ ಒಗೆದಿದ್ದರೂ ಅದು ಹೊಳೆಯುತ್ತದೆ. ಹೊಳೆಯದ ದಾರದಿಂದ ನಕಲು ಹೊಲಿಯುವುದೂ ಕಷ್ಟವಲ್ಲ. ದಾರದ ತುದಿಯನ್ನು ಸುಟ್ಟು ನೋಡುವುದು ಇದಕ್ಕಿಂತ ನಿಶ್ಚಿತವಾದ ಕ್ರಮ: ಹತ್ತಿ ಕಾಗದದಂತೆ ಉರಿದು ಬೂದಿಯಾಗುವುದು, ಉಣ್ಣೆ ಕೂದಲು ಸುಟ್ಟ ವಾಸನೆ ಬೀರುವುದು, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುವುದು. ಪಾಲಿಯೆಸ್ಟರ್ ಎಳೆಯನ್ನು ೧೯೪೧ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದುದರಿಂದ, ಯುದ್ಧಕಾಲದ ಜರ್ಮನ್ ಹೊಲಿಗೆಯಲ್ಲಿ ಅದು ಇರಲು ಶಕ್ಯವಿಲ್ಲ. ಆದರೆ ಎಲ್ಲಕ್ಕಿಂತ ಮಿಗಿಲಾದುದು ಅಂಗಿಯ ಆಂತರಿಕ ಸಾಂಗತ್ಯ. ೧೯೪೩ರ ಮುದ್ರೆಯ ಅಂಗಿಯಲ್ಲಿ ೧೯೩೬ರ ಕಡುಹಸುರು ಕಾಲರೇಕೆ? ಎದೆಯ ಹದ್ದಿನ ಲಾಂಛನದ ಕೆಳಗಣ ಬಟ್ಟೆ ಸುತ್ತಲಿನದರಷ್ಟೇ ಮಾಸಿದ್ದರೆ, ಲಾಂಛನ ಅಲ್ಲಿ ಮೊದಲಿನಿಂದ ಇರಲಿಲ್ಲ.

ಇಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳಬೇಕು. ಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳ ಆಡಳಿತವು ಜರ್ಮನ್ ಸಮವಸ್ತ್ರ, ಲಾಂಛನಗಳ ಧಾರಣೆಯನ್ನು ನಿಷೇಧಿಸಿತು. ಬೇರೆ ಬಟ್ಟೆಯಿಲ್ಲದ ಜನರು ಹದ್ದನ್ನು ಕಿತ್ತು, ಗುಂಡಿ ಬದಲಿಸಿ, ಅಂಗಿಗೆ ಕಪ್ಪೋ ಕಂದೋ ಬಣ್ಣ ಹಾಕಿ ತೊಟ್ಟರು. ಮೊಣಕೈಗೆ ತೇಪೆ ಹಾಕಿದ, ಬಣ್ಣ ಬದಲಿಸಿದ ಇಂಥ ಅಂಗಿ ಸೋತ ನಾಡಿನ ೧೯೪೬ರ ಬಾಳನ್ನು ತೋರುವ ಅಪೂರ್ವ ಸಾಕ್ಷಿ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದುದರಿಂದ ವ್ಯಾಪಾರಿ ತೇಪೆಯನ್ನು ಬಿಚ್ಚಿ, ಹದ್ದನ್ನು ಮತ್ತೆ ಹೊಲಿದು, ಅದನ್ನು ‘ಪುನರುದ್ಧಾರ’ ಎಂದು ಕರೆಯುತ್ತಾನೆ. ನಮ್ಮ ದೃಷ್ಟಿಯಲ್ಲಿ ಇದು ಶಾಸನದ ಮೇಲಿನ ಅಕ್ಷರವನ್ನು ಉಳಿಯಿಂದ ತಿದ್ದಿದಂತೆ.

ಇನ್ನೂ ಗುರುತರವಾದ ವಿಷಯ, ಹೊಲಿದ ಕೈಗಳದು. ಪೋಲೆಂಡಿನ ಲೋಡ್ಜ್ ನಗರದ ಯೆಹೂದ್ಯ ಕೇರಿಯನ್ನು ೧೯೪೦ರ ಏಪ್ರಿಲ್ ೩೦ರಂದು ಬೇಲಿಯೊಳಗೆ ಮುಚ್ಚಿದಾಗ ಒಳಗಿದ್ದವರು ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜನ. ಅಲ್ಲಿಯ ಹೊಲಿಗೆಶಾಲೆಗಳು ಜರ್ಮನ್ ಸೇನೆಗೆ ಸಮವಸ್ತ್ರಗಳನ್ನು ಹೊಲಿದುವು. ಹೊಲಿಯುವ ಶಕ್ತಿಯಿದ್ದವರಿಗೆ ಅಷ್ಟು ಕಾಲ ಉಸಿರಾಡುವ ಅವಕಾಶ. ೧೯೪೪ರ ಆಗಸ್ಟಿನಲ್ಲಿ ಉಳಿದವರನ್ನು ಆಶ್ವಿಟ್ಜಿಗೆ ಸಾಗಿಸಲಾಯಿತು. ಆ ಕೇರಿಯಲ್ಲಿಯೇ ಇದ್ದ ಹೆನ್ರಿಕ್ ರಾಸ್ ತೆಗೆದ ಛಾಯಾಚಿತ್ರಗಳು ಅಲ್ಲಿಯ ಬಾಳಿನ ದಾಖಲೆಯಾಗಿ ಉಳಿದುಬಂದಿವೆ. ರಾವೆನ್ಸ್‌ಬ್ರುಕ್ ಎಂಬ ಸ್ತ್ರೀಯರ ಸೆರೆಶಿಬಿರದಲ್ಲಿ, ೧೯೪೦ರಲ್ಲಿ ಎಸ್.ಎಸ್. ಸ್ಥಾಪಿಸಿದ ‘ಟೆಕ್ಸ್‌ಲೆಡ್’ ಎಂಬ ಸಂಸ್ಥೆಯ ಶಾಲೆಗಳಲ್ಲಿ ಬಂದಿ ಹೆಂಗಸರು ಎಸ್.ಎಸ್. ಪಡೆಗೆ ಉಡುಪುಗಳನ್ನು ಹೊಲಿದರು. ಖಾಸಗಿ ಕಾರ್ಖಾನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಮೆಟ್ಸಿಂಗನ್ ಊರಿನ ಹ್ಯೂಗೋ ಬಾಸ್ ಸಂಸ್ಥೆಯು ಸುಮಾರು ೧೪೦ ಮಂದಿ ಬಲವಂತದ ಕೆಲಸಗಾರರನ್ನೂ ೪೦ ಮಂದಿ ಫ್ರೆಂಚ್ ಯುದ್ಧಕೈದಿಗಳನ್ನೂ ದುಡಿಸಿಕೊಂಡಿತೆಂದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಸಂಸ್ಥೆ ವಿಷಾದವನ್ನು ವ್ಯಕ್ತಪಡಿಸಿತು. ಎಸ್.ಎಸ್. ಪಡೆಯ ಕಪ್ಪು ಉಡುಪನ್ನು ಕಲ್ಪಿಸಿದವನು ಬಾಸನೇ ಎಂಬ ಜನಪ್ರಿಯ ಮಾತು ಮಾತ್ರ ಸುಳ್ಳು; ಅವನು ಅದನ್ನು ಹೊಲಿಸಿಕೊಟ್ಟವರಲ್ಲಿ ಒಬ್ಬ. ೧೯೪೪ರ ಆಗಸ್ಟಿನ ವೇಳೆಗೆ ಜರ್ಮನಿಯಲ್ಲಿ ದುಡಿಯುತ್ತಿದ್ದ ಪರದೇಶೀಯರು, ಯುದ್ಧಕೈದಿಗಳೂ ಸೇರಿ, ಸುಮಾರು ೭೬ ಲಕ್ಷ.

ಕಾರ್ಖಾನೆಯ ಹೆಸರು ಅಳಿಸಿ ಬರಿಯ ಸಂಖ್ಯೆ ಬಂದುದೂ ಇದೇ ವರ್ಷಗಳಲ್ಲಿ. ಇನ್ನೂ ಒಂದು ಮಾತು: ಆಶ್ವಿಟ್ಜ್ ಮತ್ತು ಲುಬ್ಲಿನ್ ಶಿಬಿರಗಳಿಂದ ಸಂಗ್ರಹಿಸಿ ಕಳುಹಿಸಿದ ಬಟ್ಟೆಬರೆಗಳ ಲೆಕ್ಕವನ್ನು ಎಸ್.ಎಸ್. ಆಡಳಿತದ ಓಸ್ವಾಲ್ಡ್ ಪೋಲ್ ೧೯೪೩ರ ಫೆಬ್ರುವರಿಯಲ್ಲಿ ಒಪ್ಪಿಸಿದಾಗ, ಅದು ೮೨೫ ರೈಲು ಡಬ್ಬಿಗಳಷ್ಟಿತ್ತು. ಅದರಲ್ಲಿ ಚಿಂದಿಬಟ್ಟೆಯೂ ಸೇರಿತ್ತು. ಚಿಂದಿಯಿಂದ ಮತ್ತೆ ನೂತ ನೂಲು ಯಾರ ಮೈಮೇಲಿನದೆಂದು ಅಂಗಿ ಹೇಳುವುದಿಲ್ಲ. ‘ಸ್ಥಿತಿ ಉತ್ತಮ, ಮುದ್ರೆ ಸ್ಪಷ್ಟ’ ಎಂದು ಹರಾಜಿನ ಪಟ್ಟಿಯಲ್ಲಿ ಅಚ್ಚಾಗುವ ವರ್ಣನೆ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಎತ್ತಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದ ಸಂಬಂಧವೂ ಈ ವಸ್ತ್ರಗಳಿಗೆ ಇಲ್ಲದಿಲ್ಲ. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ, ಸುಭಾಷ್‌ಚಂದ್ರ ಬೋಸರ ಪ್ರೇರಣೆಯಿಂದ, ಜರ್ಮನಿಯಲ್ಲಿ ‘ಸ್ವತಂತ್ರ ಭಾರತ ಪಡೆ’ ಕಟ್ಟಲ್ಪಟ್ಟಿತು. ಸುಮಾರು ಮೂರು ಸಾವಿರ ಮಂದಿಯಿದ್ದ ಈ ಪಡೆ ತೊಟ್ಟುದು ಜರ್ಮನ್ ಸೇನೆಯ ಅಂಗಿಯನ್ನೇ; ತೋಳಿನ ಮೇಲೆ ಕೇಸರಿ, ಬಿಳಿ, ಹಸುರು ಪಟ್ಟೆಗಳ ನಡುವೆ ಜಿಗಿಯುವ ಹುಲಿಯ ಪದಕವಸ್ತ್ರ. ಮೈಸೂರಿನವರಿಗೆ ಟಿಪ್ಪುವನ್ನು ನೆನಪಿಗೆ ತರುವ ಹುಲಿ ಅದು. ಎದೆಯ ಮೇಲೆ ಜರ್ಮನ್ ಹದ್ದು, ತೋಳಿನ ಮೇಲೆ ಹುಲಿ, ಸಿಖ್ಖರಾದರೆ ತಲೆಯ ಮೇಲೆ ರುಮಾಲು. ೧೯೪೪ರ ಆಗಸ್ಟಿನಲ್ಲಿ ಈ ಪಡೆ ಎಸ್.ಎಸ್. ಆಡಳಿತಕ್ಕೆ ವರ್ಗವಾಯಿತು. ಇದೇ ಯುದ್ಧದಲ್ಲಿ ಎದುರು ಪಕ್ಷದಲ್ಲಿ, ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳು ಉತ್ತರ ಆಫ್ರಿಕ ಹಾಗೂ ಇಟಲಿಗಳಲ್ಲಿ ಜರ್ಮನರೊಡನೆ ಕಾದಿದುವು. ಆದುದರಿಂದ ನಮ್ಮ ನಾಡಿನ ಹಳೆಯ ಪೆಟ್ಟಿಗೆಯೊಂದರಲ್ಲಿ ಜರ್ಮನ್ ಗುಂಡಿಯೋ ಲಾಂಛನವೋ ದೊರೆತರೆ ಅದು ಕೊಂಡುತಂದುದೆಂದೇ ಭಾವಿಸಬೇಕಾಗಿಲ್ಲ. ವಸ್ತುವಿನೊಡನೆ ಬಂದ ಪತ್ರ, ಚಿತ್ರ, ತಂದವನ ಪಡೆಯ ಹೆಸರು, ಇವುಗಳನ್ನು ಬೇರ್ಪಡಿಸದೆ ಕಾಯುವುದು ಮುಖ್ಯ. ಅಮೆರಿಕದ ಸೈನಿಕರು 'ಜಯದ ನೆನಪು'ಗಳನ್ನು ಊರಿಗೆ ಒಯ್ಯಲು ಅಧಿಕಾರಿಯ ಸಹಿಯುಳ್ಳ ಅನುಮತಿಪತ್ರ ಪಡೆಯಬೇಕಾಗಿತ್ತು. ಅಂಥ ಚೀಟಿ ಇಂದು ಕೆಲವೊಮ್ಮೆ ಅಂಗಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನ್ ದಂಡಸಂಹಿತೆಯ ೮೬-ಎ ಪ್ರಕರಣವು ನಾಜೀ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು ನಿಷೇಧಿಸುತ್ತದೆ. ಬೋಧನೆ, ಸಂಶೋಧನೆ, ಕಲೆಗಳಿಗೆ ವಿನಾಯಿತಿ ಉಂಟು. ಅಲ್ಲಿಯ ಹರಾಜು ಪಟ್ಟಿಗಳಲ್ಲಿ ಚಿಹ್ನೆಯ ಮೇಲೆ ಚೀಟಿ ಅಂಟಿಸಿದ ಚಿತ್ರಗಳನ್ನು ಕಾಣಬಹುದು. ಆಸ್ಟ್ರಿಯದ ನಿಷೇಧಶಾಸನ ೧೯೪೭ರದು. ಆಸ್ಟ್ರೇಲಿಯವು ೨೦೨೪ರ ಜನವರಿಯಿಂದ ಇಂಥ ವಸ್ತುಗಳ ವ್ಯಾಪಾರವನ್ನೂ ನಿರ್ಬಂಧಿಸಿದೆ. ಧಾರ್ಮಿಕ ಬಳಕೆಯನ್ನು ಹೊರತುಪಡಿಸಿರುವುದರಿಂದ ನಮ್ಮ ಹೊಸ್ತಿಲ ಮೇಲಿನ ಸ್ವಸ್ತಿಕಕ್ಕೆ ಬಾಧೆಯಿಲ್ಲ.

ಕೊನೆಯದಾಗಿ ರಕ್ಷಣೆ. ಉಣ್ಣೆಗೆ ಮುಖ್ಯ ಶತ್ರು ನುಸಿ. ನುಸಿಗುಳಿಗೆಯನ್ನು ನೆಚ್ಚುವುದಕ್ಕಿಂತ, ಬಟ್ಟೆಯನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದೆರಡು ವಾರ ಇಡುವುದು ವಸ್ತುಸಂಗ್ರಹಾಲಯಗಳ ಈಗಿನ ಕ್ರಮ. ಬೆಳಕು ೫೦ ಲಕ್ಸ್ ಮೀರಬಾರದು. ತಂತಿಯ ಹ್ಯಾಂಗರಿಗೆ ತೂಗುಹಾಕದೆ, ಆಮ್ಲವಿಲ್ಲದ ಕಾಗದವನ್ನು ಮಡಿಕೆಗಳಲ್ಲಿ ತುರುಕಿ ಮಲಗಿಸಿಡಬೇಕು. ಕಬ್ಬಿಣದ ಗುಂಡಿಯ ಕೆಳಗೆ ಅಂಥದೇ ತುಂಡೊಂದನ್ನು ಸೇರಿಸಿದರೆ ತುಕ್ಕು ಬಟ್ಟೆಗೆ ಇಳಿಯದು. ಒಗೆಯಕೂಡದು. ಜೇಬಿನ ಮೂಲೆಯ ಧೂಳು, ಹೊಗೆಸೊಪ್ಪಿನ ಚೂರು, ಹುಲ್ಲಿನ ಬೀಜಗಳನ್ನು ಕೊಡವಿಬಿಡದೆ ಚಿಕ್ಕ ಪೊಟ್ಟಣದಲ್ಲಿ ಕಟ್ಟಿ, ಯಾವ ಜೇಬಿನದೆಂದು ಬರೆದು ಅಂಗಿಯೊಡನೆಯೇ ಇಡತಕ್ಕದ್ದು.